ಬಲಗಡೆಯ ಗುಂಡಿಗಳು

ಕಿವಿ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಧ್ವನಿಮುದ್ರಣದ ಕೋಣೆಯೊಂದನ್ನು ಕಟ್ಟಿಕೊಂಡು, ಗಾಜಿನ ಈಚೆ ಕೂತು, ಆಚೆ ಹಾಡುವವರ ದನಿಯನ್ನು ತಿದ್ದಿ ತೀಡುತ್ತಲೇ ತಲೆಗೂದಲು ಬೆಳ್ಳಗೆ ಮಾಡಿಕೊಂಡವರು. ವಾದ್ಯಗಾರರಲ್ಲಿ ಯಾರೋ ಒಬ್ಬ ಪ್ರೀತಿಗೋ ಕುಹಕಕ್ಕೋ ಆ ಹೆಸರಿಟ್ಟ, ಅದೇ ನಿಂತುಬಿಟ್ಟಿತು. ಅವರ ಹೆಂಡತಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನಗು. ಮನೆಯಲ್ಲಿ ನಾಲ್ಕು ಸಲ ಕೂಗಿದರೂ ತಿರುಗಿ ನೋಡದ ಮನುಷ್ಯನಿಗೆ ಈ ಬಿರುದು ಕೊಟ್ಟ ಪುಣ್ಯಾತ್ಮನನ್ನು ಒಂದು ದಿನ ಊಟಕ್ಕೆ ಕರೆಯಬೇಕು ಎನ್ನುತ್ತಿದ್ದರು.

ಕೋಣೆ ಇದ್ದದ್ದು ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿ. ಗೋಡೆಗೆಲ್ಲ ಹಳೆಯ ಜಮಖಾನ ಬಡಿದಿದ್ದರು. ಕಿಟಕಿಗೆ ಎರಡು ಪದರ ಹಲಗೆ. ಮುದ್ರಣ ಶುರುವಾದರೆ ಫ್ಯಾನು ಬಂದ್, ಏಕೆಂದರೆ ಮೈಕಿಗೆ ಫ್ಯಾನಿನ ಗೊರಕೆಯೂ ಒಂದೇ, ಗಾಯಕರ ಆಲಾಪವೂ ಒಂದೇ. ಆ ಸೆಕೆಯಲ್ಲಿ ಎಂಥ ಕಲಾವಿದರೂ ಎರಡೇ ಹಾಡಿಗೆ ನೀರಾಗಿ ಇಳಿದುಹೋಗುತ್ತಿದ್ದರು.

ಅಲ್ಲಿದ್ದ ಯಂತ್ರಗಳಲ್ಲೆಲ್ಲ ಮೇಷ್ಟ್ರಿಗೆ ಜೀವಕ್ಕೆ ಜೀವವಾಗಿದ್ದದ್ದು ಒಂದು ಕರಿ ಬಣ್ಣದ ಈಕ್ವಲೈಜರ್. ಅದರ ಮುಖದ ಮೇಲೆ ಒಂದೇ ಸಾಲಿನಲ್ಲಿ ಮೂವತ್ತೊಂದು ಸಣ್ಣ ಗುಂಡಿಗಳು. ಪ್ರತಿಯೊಂದೂ ತನ್ನ ತನ್ನ ಸೀಳಿನಲ್ಲಿ ಮೇಲಕ್ಕೆ ಕೆಳಕ್ಕೆ ಜಾರುತ್ತದೆ. ಎಡಗಡೆಯವು ದಪ್ಪ ದನಿಗೆ: ಡ್ರಮ್ಮಿನ ಗುದ್ದು, ಗಂಡಸರ ಎದೆಯಿಂದ ಬರುವ ಗುಂಯ್. ನಡುವಿನವು ಮಾತಿಗೆ. ಬಲಗಡೆಯವು ಸಣ್ಣ ದನಿಗೆ: ತಂತಿಯ ಮೇಲೆ ಕಮಾನಿನ ಗೀರು, ಸಕಾರದ ಸೀಟಿ, ಹಾಡುವ ಮೊದಲು ಒಳಗೆಳೆದುಕೊಂಡ ಉಸಿರು. ಗುಂಡಿಯನ್ನು ಮೇಲೆ ತಳ್ಳಿದರೆ ದನಿಯ ಆ ಪಾಲು ಹೆಚ್ಚುತ್ತದೆ, ಕೆಳಗೆ ಎಳೆದರೆ ತಗ್ಗುತ್ತದೆ. ವಿದ್ಯೆ ಇಷ್ಟೇ. ಎಷ್ಟು ತಳ್ಳಬೇಕು ಎಂಬುದನ್ನು ಮಾತ್ರ ಯಾರೂ ಯಾರಿಗೂ ಹೇಳಿಕೊಡಲಾಗದು.

ಈಗ ಕೋಣೆಯ ಯಜಮಾನಿಕೆ ಮಗಳದ್ದು. ಅವಳು ಇದೇ ಕೆಲಸವನ್ನು ಕಂಪ್ಯೂಟರಿನ ಪರದೆಯ ಮೇಲೆ ಬೆರಳಾಡಿಸಿ ಮುಗಿಸುತ್ತಾಳೆ. ಆದರೂ ಅಪ್ಪ ಬಂದು ಆ ಕರಿ ಪೆಟ್ಟಿಗೆಯ ಮುಂದೆ ಕೂತು, ಕಣ್ಣು ಮುಚ್ಚಿ, ಎರಡು ಗುಂಡಿ ಸರಿಸಿ "ಈಗ ನೋಡು" ಎನ್ನುವವರೆಗೆ ಆ ಕೋಣೆಯಲ್ಲಿ ಯಾವ ಹಾಡೂ ಮುಗಿದಂತಲ್ಲ. ಇದು ಅಲ್ಲಿಯ ಪದ್ಧತಿ.

ಆವತ್ತು ಬೆಳಿಗ್ಗೆ ಪಿಟೀಲಿನವನ ಮುದ್ರಣವಿತ್ತು. ಪಿಟೀಲು ಮೇಷ್ಟ್ರಿಗೆ ಯಾಕೋ ಮಂಕಾಗಿ ಕೇಳಿಸಿತು. ಈಚೆಗೆ ಎಲ್ಲವೂ ಹಾಗೇ ಕೇಳಿಸುತ್ತಿತ್ತು. ಈಗಿನ ಮೈಕುಗಳೇ ಕಳಪೆ ಎಂದು ಅವರ ತೀರ್ಮಾನ. ಬಲಗಡೆಯ ಮೂರು ಗುಂಡಿಗಳನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಬೂದಿ ಊದಿದರೆ ಕೆಂಡ ಹೊಳೆಯುತ್ತದಲ್ಲ, ಹಾಗೆ ಪಿಟೀಲು ಬೆಳಗಿತು. "ಈಗ ನೋಡು" ಎಂದರು. ಮಗಳು ತಲೆಯಾಡಿಸಿದಳು. ಗಾಜಿನ ಆಚೆ ಹೆಡ್‌ಫೋನ್ ಹಾಕಿಕೊಂಡಿದ್ದ ಪಿಟೀಲಿನವನೂ ಹೆಬ್ಬೆರಳೆತ್ತಿ ತೋರಿಸಿದ.

ಆಮೇಲೆ ಮಗಳು ಕಾಫಿ ತರಲು ಕೆಳಗಿಳಿದಳು. ಮೇಷ್ಟ್ರು ಏಳುವಾಗ ಕನ್ನಡಕ ಜಾರಿ ಯಂತ್ರಗಳ ಕಪಾಟಿನ ಹಿಂದೆ ಬಿತ್ತು. ಗೊಣಗುತ್ತ, ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ಹುಡುಕಿದರು. ಕನ್ನಡಕ ಸಿಕ್ಕಿತು. ಅದನ್ನು ಮೂಗಿಗೇರಿಸಿದ್ದೇ ಎದುರಿಗೆ ಕಂಡದ್ದು ಈಕ್ವಲೈಜರಿನ ಬೆನ್ನು.

ಪೆಟ್ಟಿಗೆಯ ಒಳಗೆ ಹೋಗಬೇಕಾದ ವೈರು ಹೋಗಿರಲಿಲ್ಲ. ಹೊರಗೆ ಬರಬೇಕಾದ ವೈರೂ ಅಲ್ಲಿರಲಿಲ್ಲ. ಎರಡನ್ನೂ ಕಿತ್ತು, ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ, ಮೇಲೆ ಟೇಪು ಸುತ್ತಿ, ಕಪಾಟಿನ ಕಂಬಿಗೆ ನೀಟಾಗಿ ಕಟ್ಟಲಾಗಿತ್ತು. ದನಿ ಪೆಟ್ಟಿಗೆಯನ್ನು ಮುಟ್ಟದೆ ಹಿಂದಿನಿಂದಲೇ ದಾಟಿ ಹೋಗುತ್ತಿತ್ತು. ಪೆಟ್ಟಿಗೆಗೆ ಕರೆಂಟಿತ್ತು, ಮುಂದೆ ಕೆಂಪು ದೀಪ ಉರಿಯುತ್ತಿತ್ತು, ಅಷ್ಟೆ. ವೈರಿಲ್ಲದ ತೂತಿಗೆ ಜೇಡವೊಂದು ಬಲೆ ಕಟ್ಟಿ, ಆ ಬಲೆಯೂ ಹಳತಾಗಿ ಧೂಳು ಹಿಡಿದಿತ್ತು.

ಮೇಷ್ಟ್ರು ಎದ್ದು ಬಂದು ಕುರ್ಚಿಯಲ್ಲಿ ಕೂತರು. ಈಗಷ್ಟೇ ಮುದ್ರಿಸಿದ ಪಿಟೀಲನ್ನು ಮತ್ತೆ ಆ ದಾರಿಯಲ್ಲೇ ಹಾಯಿಸಿ ಕೇಳಿದರು. ಅದೇ ಮೂರು ಗುಂಡಿಗಳನ್ನು ಕೆಳಗೆ ಎಳೆದರು. ಪಿಟೀಲು ಮಂಕಾಯಿತು. ಮೇಲೆ ತಳ್ಳಿದರು. ಬೆಳಗಿತು. ಇನ್ನೊಮ್ಮೆ ಎಳೆದರು, ಇನ್ನೊಮ್ಮೆ ತಳ್ಳಿದರು. ವೈರಿಲ್ಲದ ಪೆಟ್ಟಿಗೆ ಹೇಳಿದ ಮಾತು ಕೇಳುತ್ತಿತ್ತು. ದೆವ್ವ ಕಂಡಿದ್ದರೂ ಇಷ್ಟು ಹೆದರುತ್ತಿರಲಿಲ್ಲ.

ಮಗಳು ಕಾಫಿ ತಂದಾಗ ಮೇಷ್ಟ್ರು ವೈರಿನ ವಿಷಯ ಎತ್ತಲಿಲ್ಲ. ಪಿಟೀಲಿನವನು ಹೊರಟಾಗ ಮೆಟ್ಟಿಲವರೆಗೆ ಹೋಗಿ, ಗುಂಡಿ ಸರಿಸುವ ಮುಂಚೆಗೂ ಆಮೇಲಿಗೂ ಏನಾದರೂ ವ್ಯತ್ಯಾಸ ಕಂಡಿತೇ ಎಂದು ಹಾರಿಕೆಯಲ್ಲಿ ಕೇಳಿದರು. ಅವನು ಅದನ್ನೇನು ಕೇಳುತ್ತೀರಿ ಎಂಬಂತೆ ನಕ್ಕು, ನೀವು ಕೈಯಿಟ್ಟ ಮೇಲೆ ಕಮಾನಿಗೇ ಜೀವ ಬಂತು ಮೇಷ್ಟ್ರೇ ಎಂದು ಇಳಿದುಹೋದ. ಮೇಷ್ಟ್ರ ತಲೆ ಇನ್ನಷ್ಟು ಕೆಟ್ಟಿತು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಕಣ್ಣಿನ ವಿಷಯ. ಕಿವಿಯ ವಿಷಯದಲ್ಲಿ ಏನು ಮಾಡಬೇಕೆಂದು ಯಾರೂ ಹೇಳಿಟ್ಟಿರಲಿಲ್ಲ.

ಬೇರೆ ಹೊತ್ತಿನಲ್ಲಾಗಿದ್ದರೆ ಇದನ್ನು ನಿಧಾನವಾಗಿ ಬಿಡಿಸಿಕೊಳ್ಳಬಹುದಿತ್ತು. ಆದರೆ ಒಂದು ದಿನ ಬಿಟ್ಟು ಗಾಯಕಿ ಬರುವವರಿದ್ದರು. ಗಂಟಲಿನ ಕಾಯಿಲೆ ಬಂದು, ವರ್ಷಗಟ್ಟಲೆ ಬಾಯಿ ಕಟ್ಟಿಕೊಂಡು ಕೂತಿದ್ದ ಹೆಂಗಸು. ಮೇಷ್ಟ್ರಿಗಿಂತ ಎರಡು ಮೂರು ವರ್ಷಕ್ಕೆ ಚಿಕ್ಕವರಿರಬಹುದು. ಇವರಿಬ್ಬರೂ ಗಾಜಿನ ಆಚೆ ಈಚೆ ಕೂತೇ ಮುದುಕರಾದವರು. ಈಗ ಮತ್ತೆ ಹಾಡಬಹುದೇ ಎಂದು ಪರೀಕ್ಷಿಸಲು ದೊಡ್ಡ ದೊಡ್ಡ ಸ್ಟುಡಿಯೋಗಳನ್ನೆಲ್ಲ ಬಿಟ್ಟು ಈ ಚಪ್ಪಲಿ ಅಂಗಡಿಯ ಮಹಡಿಗೇ ಬರುತ್ತೇನೆಂದಿದ್ದರು. ನನ್ನ ದನಿ ಉಳಿದಿದೆಯೋ ಇಲ್ಲವೋ ಎಂದು ಮುಖ ನೋಡದೆ ಹೇಳುವುದು ಮೇಷ್ಟ್ರೊಬ್ಬರೇ, ಅವರು ಇಲ್ಲ ಅಂದರೆ ನಾನು ಬಿಟ್ಟೆ ಎಂದು ಮಗಳಿಗೆ ಫೋನಿನಲ್ಲಿ ಹೇಳಿದ್ದರು. ಆ ಮಾತು ಕೇಳಿ ಮೇಷ್ಟ್ರು ಎರಡು ದಿನ ಎದೆಯುಬ್ಬಿಸಿಕೊಂಡು ಓಡಾಡಿದ್ದರು. ಈಗ ಅದೇ ಮಾತು ನುಂಗಲಾರದ ಬಿಸಿತುಪ್ಪವಾಯಿತು.

ಸಂಜೆ ಮನೆಗೆ ಹೋದಾಗ ಹೆಂಡತಿ ಅಡುಗೆಮನೆಯಿಂದಲೇ, ಮೆಷಿನ್ ಕೂಗುತ್ತಿದೆ, ಬಟ್ಟೆ ತೆಗೆದು ಹಾಕಬಾರದೇ ಎಂದರು. ಮೇಷ್ಟ್ರು ಮೆಷಿನ್ನಿನ ಪಕ್ಕದಲ್ಲೇ ನಿಂತಿದ್ದರು. ಅದು ಕೂಗುತ್ತಿರಲಿಲ್ಲ. ಬಟ್ಟೆ ಒಗೆದು ಮುಗಿದಾಗ ಪೀಂ ಪೀಂ ಅನ್ನುವ ಸದ್ದು ನಿಂತುಹೋಗಿ ಎಷ್ಟೋ ಕಾಲವಾಗಿತ್ತು. ಅದಕ್ಕಾಗಿ ರಿಪೇರಿಯವನನ್ನು ಕರೆಸಿ, ಅವನು ಎಲ್ಲ ಸರಿಯಿದೆ ಸಾರ್ ಎಂದದ್ದಕ್ಕೆ ಮೈಗಳ್ಳ ಎಂದು ಬೈದು ಕಳಿಸಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

"ಇದು ಈಗ ಕೂಗ್ತಾ ಇದೆಯಾ?" ಎಂದು ಕೇಳಿದರು.

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದು ಅವರ ಮುಖ ನೋಡಿದರು. ತಮಾಷೆಯಲ್ಲ ಎಂದು ಗೊತ್ತಾದ ಮೇಲೆ ದನಿ ಇಳಿಸಿದರು. "ಕೂಗ್ತಾನೇ ಇದೆ ಕಣ್ರೀ. ಅದ್ಯಾವತ್ತು ನಿಲ್ಲಿಸಿತ್ತು?"

ಮೇಷ್ಟ್ರು ಬಗ್ಗಿ ಕಿವಿಯನ್ನು ಮೆಷಿನ್ನಿಗೆ ಒತ್ತಿ ಹಿಡಿದರು. ತಗಡು ಬೆಚ್ಚಗಿತ್ತು. ಒಳಗೆ ಎಲ್ಲೋ ನೀರು ಇಳಿಯುವ ಗುಳುಗುಳು ಕೇಳಿಸಿತು. ಪೀಂ ಎನ್ನುವುದು ಮಾತ್ರ ಇಲ್ಲ. ಕಣ್ಣೆದುರು ಒಂದು ಹಸಿರು ದೀಪ ಮಿಟುಕುತ್ತಿತ್ತು, ಅದರ ಜೊತೆ ಹೆಂಡತಿಯ ರೆಪ್ಪೆಯೂ ಚೂರು ಚೂರೇ ಅದುರುತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದು ಹೋದ ವರ್ಷವೇ ಹೇಳಿದ್ದೆ, ಆಗ ಮೈಕಿನದೇ ದೋಷ ಅಂದಿರಿ ಎಂದು ಆಕೆ ನೆನಪಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಇದೇ ಮೇಷ್ಟ್ರು ಎಷ್ಟು ಜನ ಹಾಡುಗಾರರನ್ನು ಅಣಕಿಸಿದ್ದರೋ! ಆ ಗಾದೆ ಹೆಂಡತಿಯ ನಾಲಗೆಯ ತುದಿಗೆ ಬಂದದ್ದು ಅವರಿಗೆ ಕಂಡಿತು. ಆಕೆ ಆಡಲಿಲ್ಲ. ಆಡಿದ್ದರೇ ಹಗುರವಾಗುತ್ತಿತ್ತೇನೋ.

ಅಲ್ಲಿಗೆ ಅರ್ಧ ಅರ್ಥವಾಯಿತು. ವಯಸ್ಸಾಗಿ ಕಿವಿಯ ಬಲಗಡೆಯ ಗುಂಡಿಗಳು ತಾವಾಗಿಯೇ ಕೆಳಗಿಳಿದಿವೆ. ಸಣ್ಣ ದನಿ ತನಗಿಲ್ಲ, ಅದಕ್ಕೇ ಲೋಕವೆಲ್ಲ ಮಂಕು. ಒಪ್ಪಿಕೊಳ್ಳಲು ಕಷ್ಟ, ಆದರೂ ಒಪ್ಪಬಹುದಾದ ಮಾತು. ಉಳಿದರ್ಧವೇ ತಲೆ ತಿನ್ನುತ್ತಿದ್ದದ್ದು. ಸಣ್ಣ ದನಿ ಕೇಳಿಸದವನಿಗೆ ಪಿಟೀಲು ಬೆಳಗಿದ್ದು ಹೇಗೆ ಕೇಳಿಸಿತು? ಅದೂ ಸತ್ತ ಪೆಟ್ಟಿಗೆಯಿಂದ?

ಆಗ ಹಳೆಯದೊಂದು ನೆನಪಾಯಿತು. ಇನ್ನೂ ಸ್ವಲ್ಪ ದುಂಡಗೆ ಬೇಕು, ಇನ್ನೂ ಸ್ವಲ್ಪ ಬೆಳದಿಂಗಳು ಬೇಕು ಎಂದು ಪ್ರಾಣ ತಿನ್ನುವ ಗಿರಾಕಿಗಳು ಆ ಕಾಲದಲ್ಲೂ ಇದ್ದರು. ಅವರಿಗೆಂದೇ ಮೇಷ್ಟ್ರು ದನಿಗಳನ್ನು ಬೆರೆಸುವ ಮಿಕ್ಸರಿನ ಮೂಲೆಯಲ್ಲಿ ಯಾವುದಕ್ಕೂ ತಾಗದ ಒಂದು ಗುಂಡಿ ಇಟ್ಟುಕೊಂಡಿದ್ದರು. ಅದನ್ನು ಬಹಳ ಗಂಭೀರವಾಗಿ, ಉಸಿರು ಬಿಗಿಹಿಡಿದು ತಿರುಗಿಸುವುದು. ಗಿರಾಕಿ "ಹಾಂ, ಈಗ ಬಂತು" ಎನ್ನುವುದು. ಅವರು ಹೋದ ಮೇಲೆ ಚಿಕ್ಕವಳಾಗಿದ್ದ ಮಗಳ ಜೊತೆ ಹೊಟ್ಟೆ ಹಿಡಿದುಕೊಂಡು ನಗುವುದು. ಈ ಕಸುಬಿನವರೆಲ್ಲ ಮಾಡುವ ಕೆಲಸವೇ ಇದು. ಆ ಗಿರಾಕಿಗಳು ಜಂಬಕ್ಕೆ ಸುಳ್ಳು ಹೇಳುತ್ತಾರೆಂದು ಮೇಷ್ಟ್ರು ತಿಳಿದಿದ್ದರು. ಪಾಪ, ಅವರಿಗೆ ನಿಜವಾಗಿಯೂ ಕೇಳಿಸುತ್ತಿತ್ತೇ? ಹಾಗಾದರೆ ಇಷ್ಟು ವರ್ಷ ತಾನು ಕೇಳಿದ್ದರಲ್ಲಿ ಕಿವಿ ಕೇಳಿದ್ದೆಷ್ಟು, ಬೆರಳು ಕೇಳಿದ್ದೆಷ್ಟು? ಯೋಚಿಸಿದಷ್ಟೂ ಕಾಲ ಕೆಳಗಿನ ನೆಲ ಸರಿಯಿತು.

ಮರುದಿನ ಕೋಣೆಗೆ ಹೋದಾಗ ಮಗಳು ನೆಲದ ಮೇಲೆ ಕೂತು ಮೈಕಿನ ವೈರುಗಳನ್ನು ಸುರುಳಿ ಸುತ್ತುತ್ತಿದ್ದಳು. ಮೇಷ್ಟ್ರು ಚಪ್ಪಲಿ ಬಿಡುವ ಮುಂಚೆಯೇ ಪೆಟ್ಟಿಗೆಯ ಹಿಂದಿನ ವೈರು ಯಾರು ಬಿಚ್ಚಿದ್ದು ಎಂದು ಕೇಳಿದರು. ಅವಳ ಕೈ ನಿಂತಿತು. ಸುಳ್ಳು ಹೇಳುವ ಹುಡುಗಿಯಲ್ಲ. ಈವರೆಗೆ ಹೇಳಿದ್ದೆಲ್ಲ ಸುಳ್ಳು ಎನ್ನುವುದಾದರೆ ಅದು ಬೇರೆ ಲೆಕ್ಕ.

ಗಿರಾಕಿಗಳಲ್ಲಿ ಮೊದಲು ಒಬ್ಬರು, ಆಮೇಲೆ ಇನ್ನಿಬ್ಬರು ಮುದ್ರಣವನ್ನು ವಾಪಸು ತಂದರಂತೆ. ಸಣ್ಣ ದನಿ ಅತಿಯಾಗಿ ಕಿವಿಗೆ ಸೂಜಿ ಚುಚ್ಚಿದಂತಿದೆ ಎಂದರಂತೆ. ಅವಳು ಯಂತ್ರದ ದೋಷ ಎಂದು ಹೇಳಿ, ತಾನೇ ತಿದ್ದಿಕೊಟ್ಟು, ಒಂದು ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ವೈರು ಬಿಚ್ಚಿದಳಂತೆ.

"ನನ್ನ ಕಿವಿಗೇ ಹೂವಿಟ್ಟೆಯಲ್ಲ," ಎಂದರು ಮೇಷ್ಟ್ರು. "ಬೇರೆ ಯಾರಾದ್ರೂ ಆಗಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ."

"ಹೇಳ್ಬೇಕು ಅಂತಲೇ ಇದ್ದೆ ಅಪ್ಪ. ಅವತ್ತೇ ಸಂಜೆ ಹೇಳೋಣ ಅಂತ ಕೂತಿದ್ದೆ. ನೀವು ಬಂದು ಗುಂಡಿ ಎತ್ತಿ 'ಈಗ ನೋಡು' ಅಂದ್ರಿ." ಅವಳು ವೈರಿನ ಸುರುಳಿಯನ್ನು ಮಡಿಲಲ್ಲಿಟ್ಟುಕೊಂಡಳು. "ನಂಗೂ ಚೆನ್ನಾಗಿ ಕೇಳಿಸ್ತು. ವೈರ್ ಕಿತ್ತವಳು ನಾನೇ. ಆದ್ರೂ ನಂಗೆ ಚೆನ್ನಾಗೇ ಕೇಳಿಸ್ತು. ಆಮೇಲೆ ಏನಂತ ಹೇಳ್ಲಿ?"

ಮೇಷ್ಟ್ರು ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು. ಬಯ್ಯಬೇಕೆಂದು ಮೆಟ್ಟಿಲು ಮೆಟ್ಟಿಲಿಗೂ ಕೂಡಿಸಿಕೊಂಡು ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ. ಮಗಳು ಮೋಸ ಮಾಡಿದಳೆಂದು ನೋವಾಗಿತ್ತು, ಮೋಸ ಮಾಡಿದ ಮಗಳೂ ತನ್ನ ಜೊತೆಯೇ ಮೋಸ ಹೋದಳೆಂದು ಒಂಥರಾ ಸಮಾಧಾನವೂ ಆಗಿತ್ತು. ಎರಡೂ ಒಟ್ಟಿಗೆ ಆಗುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ.

ನಾಳೆಯ ವಿಷಯವನ್ನು ಅವಳೇ ಎತ್ತಿದಳು. ವೈರು ಹೀಗೇ ಇರಲಿ ಎಂದಳು. ಗಾಯಕಿ ಬರುವುದು ಅಪ್ಪ ಪೆಟ್ಟಿಗೆಯ ಮುಂದೆ ಕೂತಿರುತ್ತಾರೆ ಎಂಬ ಧೈರ್ಯಕ್ಕೆ. ಅಪ್ಪ ಕೂತಿರಲಿ, ಗುಂಡಿ ಸರಿಸಲಿ, ಉಳಿದದ್ದನ್ನು ಅವಳು ಪರದೆಯ ಮೇಲೆ ನೋಡಿಕೊಳ್ಳುತ್ತಾಳೆ. ಯಾರಿಗೂ ನಷ್ಟವಿಲ್ಲ. ಮಾತಿನಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೆ ಆಗಲಿಲ್ಲ. ಆಗಲಿ ಎಂದೂ ಅನ್ನಲಿಲ್ಲ.

ಗಾಯಕಿ ಹೇಳಿದ ಹೊತ್ತಿಗೆ ಬಂದರು. ಮೆಟ್ಟಿಲು ಹತ್ತಿದ ದಣಿವಿಗೆ ಬಾಗಿಲ ಬಳಿಯ ಕುರ್ಚಿಯಲ್ಲೇ ಕೂತು, ಕುತ್ತಿಗೆಗೆ ಸುತ್ತಿದ್ದ ಶಾಲನ್ನು ಬಿಚ್ಚಿ ಮಡಿಸಿದರು. ತೂಕ ಇಳಿದಿತ್ತು. ಮೇಷ್ಟ್ರ ಬೆಳ್ಳಗಾದ ತಲೆಯ ಬಗ್ಗೆ ಒಂದು ತಮಾಷೆ ಮಾಡಿದರು, ಮೇಷ್ಟ್ರು ಅವರ ಹಲ್ಲಿನ ಸೆಟ್ಟಿನ ಬಗ್ಗೆ ಇನ್ನೊಂದು ಮಾಡಿದರು. ಆಮೇಲೆ ಗಾಜಿನ ಆಚೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು, ಮೈಕಿನ ಮುಂದೆ ನಿಂತಾಗ ತಮಾಷೆಯೆಲ್ಲ ಮುಖದಿಂದ ಇಳಿದಿತ್ತು.

"ಮೇಷ್ಟ್ರೇ, ನನ್ನ ದನಿ ಇದೆಯಾ ಇಲ್ವಾ, ಅಷ್ಟು ಹೇಳಿ ಸಾಕು. ದಾಕ್ಷಿಣ್ಯ ಬೇಡ."

ಫ್ಯಾನು ನಿಂತಿತು. ಮೇಷ್ಟ್ರು ಕೆಂಪು ದೀಪವನ್ನೇ ನೋಡುತ್ತ ಕೂತಿದ್ದರು. ಕೈ ಗುಂಡಿಗಳ ಮೇಲಿತ್ತು. ಒಂದು ಸರಿಸಿದ್ದರೆ ಸಾಕು, ಎಲ್ಲರಿಗೂ ಚೆನ್ನಾಗಿ ಕೇಳಿಸುತ್ತಿತ್ತು, ತನಗೂ. ಅದೇ ಅವರಿಗೆ ಭಯ ಹುಟ್ಟಿಸಿತು.

"ವೈರು ಹಾಕು," ಎಂದರು ಮಗಳಿಗೆ.

ಅವಳು ಬೇಡವೆಂಬಂತೆ ನೋಡಿದಳು. ಅವರು ಇನ್ನೊಮ್ಮೆ ಹೇಳಲಿಲ್ಲ, ಕೈಯನ್ನೂ ತೆಗೆಯಲಿಲ್ಲ. ಅವಳು ಕಪಾಟಿನ ಹಿಂದೆ ಹೋಗಿ ಟೇಪು ಬಿಚ್ಚಿ ವೈರು ಸಿಕ್ಕಿಸಿ ಬಂದಳು. ಗಾಯಕಿ ಹಾಡತೊಡಗಿದರು. ಮೇಷ್ಟ್ರು ಕಣ್ಣು ಮುಚ್ಚಿ, ಮೈಯೆಲ್ಲ ಕಿವಿಯಾಗಿ, ಬಲಗಡೆಯ ಗುಂಡಿಗಳನ್ನು ಮೇಲೆತ್ತಿದರು. ದನಿ ಮುಸುಕು ಸರಿಸಿ ಹೊರಬಂತು. ಹಳೆಯ ದನಿಯೇ. ಇನ್ನಷ್ಟು ಎತ್ತಿದರು. ಎಷ್ಟು ಚೆನ್ನಾಗಿದೆ ಎನಿಸಿ ಕಣ್ಣು ಬಿಟ್ಟರು.

ಗಾಜಿನ ಆಚೆ ಗಾಯಕಿಯ ಮುಖ ಕಿವುಚಿಕೊಂಡಿತ್ತು. ಒಂದು ಕೈಯಿಂದ ಹೆಡ್‌ಫೋನನ್ನು ಕಿವಿಯಿಂದ ಚೂರು ಎತ್ತಿ ಹಿಡಿದಿದ್ದರು. ಪ್ರತಿ ಸಕಾರಕ್ಕೂ ಭುಜ ಕುಗ್ಗುತ್ತಿತ್ತು. ಇವರು ನೋಡುತ್ತಿದ್ದಾರೆಂದು ಗೊತ್ತಾದ ಕೂಡಲೇ ಕೈ ಇಳಿಸಿ, ನಕ್ಕು, ಪಲ್ಲವಿಯನ್ನು ಮುಗಿಸಿದರು.

"ಚೆನ್ನಾಗಿ ಬರ್ತಿದೆ ಮೇಷ್ಟ್ರೇ," ಎಂದರು. ಕಣ್ಣಲ್ಲಿ ನೀರಿತ್ತು. "ನಿಮ್ಮ ಕೈ ನಿಮ್ಮ ಕೈಯೇ."

ದಾಕ್ಷಿಣ್ಯ ಬೇಡ ಎಂದವರೇ ದಾಕ್ಷಿಣ್ಯಕ್ಕೆ ಬಿದ್ದಿದ್ದರು. ಪಿಟೀಲಿನವನು ಹೆಬ್ಬೆರಳೆತ್ತಿದ್ದು, ಮಗಳು ತಲೆಯಾಡಿಸಿದ್ದು, ಈಗ ಇವರು. ತನ್ನ ಸುತ್ತ ಇರುವವರೆಲ್ಲ ಎಷ್ಟೊಂದು ಒಳ್ಳೆಯವರು ಎಂದು ಮೇಷ್ಟ್ರಿಗೆ ಅಳುವೇ ಬಂತು. ಇಷ್ಟು ಒಳ್ಳೆಯವರ ನಡುವೆ ನಿಜ ಯಾರ ಬಾಯಿಂದ ಬರಬೇಕು?

ಅವರು ಎದ್ದು ಕುರ್ಚಿಯನ್ನು ಪಕ್ಕಕ್ಕೆಳೆದರು. "ಬಾ, ನೀನು ಹಾಕು" ಎಂದು ಮಗಳನ್ನು ಪೆಟ್ಟಿಗೆಯ ಮುಂದೆ ಕೂರಿಸಿದರು. ಕಂಪ್ಯೂಟರಿನಲ್ಲೇ ಮಾಡುತ್ತೇನೆ ಎಂದು ಅವಳು ಮೆಲ್ಲಗೆ ಹೇಳಿದಳು. ಇಲ್ಲ, ಇದರಲ್ಲೇ ಹಾಕು ಎಂದರು. ಗಾಯಕಿ ಮತ್ತೆ ಮೊದಲಿನಿಂದ ಹಾಡಿದರು. ಮಗಳು ಬಲಗಡೆಯ ಗುಂಡಿಗಳನ್ನು ಒಂದೊಂದಾಗಿ ಕೆಳಗಿಳಿಸುತ್ತ ಹೋದಳು. ಮೇಷ್ಟ್ರ ಪಾಲಿಗೆ ಒಂದೊಂದು ಗುಂಡಿಯ ಜೊತೆಗೂ ದನಿ ದೂರವಾಯಿತು. ಉಸಿರು ಹೋಯಿತು, ಅಕ್ಷರಗಳ ಅಂಚು ಹೋಯಿತು, ಕೊನೆಗೆ ಗೆಳತಿ ಕಂಬಳಿ ಹೊದ್ದು ಹಾಡುತ್ತಿರುವಂತಾಯಿತು. ತಡಿ, ಕೊಲ್ಲಬೇಡ ಎನ್ನಲು ಬಾಯಿ ತೆರೆದರು. ಕೈ ತಾನಾಗಿ ಗುಂಡಿಗಳತ್ತ ಹೋಗಿತ್ತು. ಅದನ್ನು ಹಿಂದೆಳೆದು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

ಆಚೆ ಗಾಯಕಿಯ ಭುಜಗಳು ಸಡಿಲಾಗಿದ್ದವು. ಎರಡು ಕೈಯಲ್ಲೂ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಇವರಿಬ್ಬರನ್ನೂ ಮರೆತು ಹಾಡುತ್ತಿದ್ದರು. ಮಗಳು ಗುಂಡಿಯಿಂದ ಬೆರಳು ತೆಗೆದು ಸುಮ್ಮನೆ ಕೂತಿದ್ದಳು, ಅವಳ ತೋಳಿನ ರೋಮ ಎದ್ದು ನಿಂತಿತ್ತು. ಮೇಷ್ಟ್ರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ಅಲ್ಲಿ ಏನೋ ಆಗುತ್ತಿತ್ತು. ಏನೆಂದು ಅವರಿಗೆ ಕೇಳಿಸಲಿಲ್ಲ.

ಹಾಡು ಮುಗಿಯಿತು. ಗಾಯಕಿ ಹೆಡ್‌ಫೋನ್ ತೆಗೆಯದೆ, ಗಾಜಿನ ಹತ್ತಿರ ಬಂದು, ಯಾವಾಗಲೂ ನೋಡುತ್ತಿದ್ದಂತೆ ಮೇಷ್ಟ್ರ ಮುಖವನ್ನೇ ನೋಡಿದರು.

"ಹೇಳಿ ಮೇಷ್ಟ್ರೇ. ಇದೆಯಾ?"

ಮೇಷ್ಟ್ರು ಆಚೆಯವರಿಗೆ ಕೇಳಿಸುವ ಮೈಕಿನ ಗುಂಡಿ ಒತ್ತಿದರು. ಸುಳ್ಳೂ ನಿಜವೂ ಎಷ್ಟು ಹತ್ತಿರದಲ್ಲಿದ್ದವೆಂದರೆ ಎರಡಕ್ಕೂ ಅದೇ ಒಂದು ಮಾತು ಸಾಕಾಗುತ್ತಿತ್ತು.

"ಇದೆ," ಎಂದರು. ಗುಂಡಿ ಬಿಡಲಿಲ್ಲ. "ನನಗಲ್ಲ, ನನ್ನ ಮಗಳಿಗೆ ಕೇಳಿಸ್ತಿದೆ. ನನಗೆ ಸಣ್ಣ ದನಿ ಹೋಗಿ ಬಹಳ ದಿನ ಆಯ್ತಂತೆ. ನನಗೇ ಮೊನ್ನೆ ಗೊತ್ತಾಯ್ತು."

ಗಾಯಕಿ ಗಾಜಿನ ಮೇಲೆ ಅಂಗೈ ಇಟ್ಟು ನಿಂತರು. ನಿಧಾನವಾಗಿ ತಲೆಯಾಡಿಸಿದರು. ಆಮೇಲೆ ಮೈಕಿನ ಬಳಿಗೆ ಹಿಂತಿರುಗಿ ಗಂಟಲು ಸರಿಮಾಡಿಕೊಂಡರು. ಎರಡನೆಯ ಹಾಡಿಗೂ ಗುಂಡಿಗಳು ಹೀಗೇ ಇರಬಹುದೇ, ಬದಲಾಯಿಸಬೇಕೇ ಎಂದು ಕೇಳಿದರು. ಕೇಳಿದ್ದು ಮೇಷ್ಟ್ರ ಮುಖ ನೋಡಿ ಅಲ್ಲ, ಮಗಳ ಮುಖ ನೋಡಿ.